ಬೇಕಲ ಕೋಟೆಯ ನೆಲ: ಕಾಮಗಾರಿಯ ವೇಳೆ ಪುರಾತತ್ತ್ವ ನಿಗಾ

ಕಾಸರಗೋಡಿನ ದಕ್ಷಿಣಕ್ಕೆ, ಅರಬ್ಬೀ ಸಮುದ್ರದತ್ತ ಚಾಚಿದ ದಿಬ್ಬದ ಮೇಲೆ, ಸುಮಾರು 40 ಎಕರೆ ವಿಸ್ತಾರದಲ್ಲಿ ಬೇಕಲ ಕೋಟೆಯಿದೆ. ಇಕ್ಕೇರಿಯ ಶಿವಪ್ಪನಾಯಕನು 1650ರ ಸುಮಾರಿಗೆ ಇದನ್ನು ಕಟ್ಟಿಸಿದನೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ. 1763ರಲ್ಲಿ ಇಕ್ಕೇರಿ ರಾಜ್ಯವು ಹೈದರಾಲಿಯ ವಶವಾದಾಗ ಕೋಟೆಯೂ ಕೈಬದಲಾಯಿತು. ಟಿಪ್ಪುವಿನ ಕಾಲದಲ್ಲಿ ಸೇನಾನೆಲೆಯಾಗಿ, 1799ರ ಬಳಿಕ ಈಸ್ಟ್ ಇಂಡಿಯಾ ಕಂಪೆನಿಗೆ ಸೇರಿತು. 1956ರಲ್ಲಿ ಈ ಪ್ರದೇಶವು ಕೇರಳದ ಪಾಲಾಯಿತು. ಇಂದು ಕೋಟೆಯು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕವಾಗಿದೆ.

ಕೋಟೆಯ ಚರಿತ್ರೆಯನ್ನು ಗೋಡೆ, ಬುರುಜುಗಳಲ್ಲಿ ಓದುವುದು ರೂಢಿ. ಅದರ ಬಹುಭಾಗ ನೆಲದೊಳಗಿದೆ ಎಂಬುದನ್ನು 1997ರಿಂದ 2001ರವರೆಗಿನ ಉತ್ಖನನ ತೋರಿಸಿಕೊಟ್ಟಿತು. ಇಕ್ಕೇರಿ ನಾಯಕರ ಮತ್ತು ಟಿಪ್ಪುವಿನ ಕಾಲದ ಕಟ್ಟಡಗಳ ಅವಶೇಷಗಳು, ಅರಮನೆಯ ಸಂಕೀರ್ಣ, ಟಂಕಸಾಲೆಯೆಂದು ಗುರುತಿಸಲಾದ ಕಟ್ಟಡ ಆಗ ಬೆಳಕಿಗೆ ಬಂದವು.

ಆದರೆ ನೆಲವನ್ನು ಅಗೆಯುವವರು ಪುರಾತತ್ತ್ವಜ್ಞರು ಮಾತ್ರವಲ್ಲ. ಬೇಕಲವನ್ನು 1992ರಲ್ಲಿ ವಿಶೇಷ ಪ್ರವಾಸೋದ್ಯಮ ವಲಯವೆಂದು ಸಾರಲಾಯಿತು. ಪ್ರವಾಸಿಗರು ಬರುವಲ್ಲಿ ಕಾಲುದಾರಿ, ಚರಂಡಿ, ಶೌಚಾಲಯ, ವಿದ್ಯುತ್ ತಂತಿಗಳು ಬೇಕಾಗುತ್ತವೆ. ಪ್ರತಿಯೊಂದಕ್ಕೂ ನೆಲ ತೋಡಬೇಕಾಗುತ್ತದೆ. ಎರಡು ಅಡಿ ಆಳದ ಕಾಲುವೆಯೊಂದು ಮೂರು ಆಡಳಿತಗಳ ನೆಲಗಟ್ಟುಗಳನ್ನು ಒಂದೇ ದಿನದಲ್ಲಿ ಸೀಳಿಹಾಕಬಲ್ಲದು.

ಇಂಥ ಸಂದರ್ಭಕ್ಕಾಗಿಯೇ ಪುರಾತತ್ತ್ವ ನಿಗಾ ಎಂಬ ಕ್ರಮವಿದೆ. ಉತ್ಖನನದಲ್ಲಿ ಅಗೆಯುವ ಜಾಗವನ್ನು ಸಂಶೋಧಕ ಆರಿಸುತ್ತಾನೆ. ನಿಗಾದಲ್ಲಿ ಆ ಜಾಗವನ್ನು ಕಾಮಗಾರಿಯೇ ನಿರ್ಧರಿಸಿರುತ್ತದೆ. ಪುರಾತತ್ತ್ವಜ್ಞನು ಅಗೆತದ ಬಳಿ ನಿಂತು ಮಣ್ಣಿನ ಪದರಗಳನ್ನು ಗಮನಿಸುತ್ತಾನೆ. ಯಂತ್ರದ ಬಕೆಟ್ಟಿಗೆ ಹಲ್ಲುಗಳಿರಬಾರದು. ನಯವಾದ ಅಂಚಿನಿಂದ ತೆಳುವಾಗಿ ಕೆರೆದಾಗ ಮಾತ್ರ ಮಣ್ಣಿನ ಬಣ್ಣಭೇದ ಕಾಣುತ್ತದೆ. ಗೋಡೆಯ ತಳವೋ ಮಡಕೆಚೂರುಗಳ ಪದರವೋ ಕಂಡಕೂಡಲೇ ಕೆಲಸ ನಿಲ್ಲಬೇಕು. ಸ್ಥಳವನ್ನು ಶುಚಿಗೊಳಿಸಿ, ಅಳತೆಗೋಲಿಟ್ಟು ಛಾಯಾಚಿತ್ರ ತೆಗೆದು, ನಕ್ಷೆ ಬರೆದು, ದೊರೆತ ವಸ್ತುಗಳನ್ನು ಪದರವಾರು ಬೇರ್ಪಡಿಸಬೇಕು. ಬೇಕಲದಂಥ ಮುರಕಲ್ಲಿನ ನೆಲದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಅಗತ್ಯ. ಕಡಿದ ಕಲ್ಲಿಗೂ ಸಹಜ ಕಲ್ಲಿಗೂ ಒಂದೇ ಬಣ್ಣ. ಪಳಗಿದ ಕಣ್ಣಿಲ್ಲದಿದ್ದರೆ ತಳಪಾಯವೇ ಕಲ್ಲುರಾಶಿಯಾಗಿ ತೋರುತ್ತದೆ.

ನಮ್ಮಲ್ಲಿ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಸಂರಕ್ಷಿತ ಪ್ರದೇಶದಲ್ಲಿ ಅನುಮತಿಯಿಲ್ಲದ ನಿರ್ಮಾಣವನ್ನೂ ಅಗೆತವನ್ನೂ ತಡೆಯುತ್ತದೆ. 1992ರ ಅಧಿಸೂಚನೆ ಸ್ಮಾರಕದಿಂದ 100 ಮೀಟರನ್ನು ನಿಷೇಧಿತ ವಲಯವೆಂದೂ ಅದರಾಚೆಯ 200 ಮೀಟರನ್ನು ನಿಯಂತ್ರಿತ ವಲಯವೆಂದೂ ಗೊತ್ತುಪಡಿಸಿತು. 2010ರ ತಿದ್ದುಪಡಿ ಇವನ್ನು ಕಾಯ್ದೆಯೊಳಕ್ಕೆ ತಂದಿತು. ಈ ವಲಯಗಳಲ್ಲಿ ವಾಸಿಸುವವರಿಗೆ ಮನೆಯ ದುರಸ್ತಿಗೂ ಅನುಮತಿ ಬೇಕು. ಸಾಮಾನ್ಯರ ಮೇಲೆ ಇಷ್ಟು ಹೊರೆ ಹೊರಿಸುವ ವ್ಯವಸ್ಥೆ, ಕೋಟೆಯೊಳಗಣ ಸಾರ್ವಜನಿಕ ಕಾಮಗಾರಿಗಳಿಗೂ ಅಷ್ಟೇ ಕಟ್ಟುನಿಟ್ಟಿನ ನಿಗಾವನ್ನು ವಿಧಿಸುವುದು ನ್ಯಾಯ. ಅನುಮತಿಪತ್ರದಿಂದ ಕಟ್ಟಡದ ಜಾಗ ನಿರ್ಧಾರವಾದೀತು. ಗುದ್ದಲಿ ಬೀಳುವ ಗಳಿಗೆಯಲ್ಲಿ ಕಂಡುದನ್ನು ದಾಖಲಿಸಲು ಮನುಷ್ಯನೊಬ್ಬ ಅಲ್ಲಿರಲೇಬೇಕು.

ಗಡಿನಾಡಿನ ಕನ್ನಡಿಗರಿಗೆ ಇದು ಕೇವಲ ತಾಂತ್ರಿಕ ವಿಷಯವಲ್ಲ. ಲಿಂಗಣ್ಣನ 'ಕೆಳದಿನೃಪವಿಜಯ' ಅರಸರ ಚರಿತೆ. ಕೋಟೆ ಕಾಯ್ದ ಸಾಮಾನ್ಯರ ಒಲೆ, ಮಡಕೆ, ಮನೆಯ ಅಂಗಳಗಳ ವಿವರ ಮಣ್ಣಿನಿಂದಲೇ ದೊರೆಯಬೇಕು. ನಾಯಕರ ಸೈನಿಕರಾಗಿ ಬಂದು ಇಲ್ಲಿ ನೆಲೆಸಿದೆವೆಂಬ ಪರಂಪರೆ ಕಾಸರಗೋಡಿನ ರಾಮಕ್ಷತ್ರಿಯರಲ್ಲಿದೆ. ಇಂಥ ನೆನಪುಗಳನ್ನು ಒರೆಗೆ ಹಚ್ಚಬಲ್ಲ ಸಾಕ್ಷ್ಯ ಒಮ್ಮೆ ಕದಡಿದರೆ ಮರಳಿ ಕೂಡಿಬರುವುದಿಲ್ಲ. ಆದ್ದರಿಂದ ಕೋಟೆಯೊಳಗಿನ ಪ್ರತಿ ಅಗೆತಕ್ಕೂ ನಿಗಾ ಕಡ್ಡಾಯವಾಗಲಿ. ಅದರ ವರದಿ ಮಲಯಾಳದ ಜೊತೆಗೆ ಕನ್ನಡದಲ್ಲೂ ಜನರ ಕೈಗೆ ಸಿಗಲಿ ಎಂದು ಕೇಳುವುದು ನಮ್ಮ ಹಕ್ಕು ಮಾತ್ರವಲ್ಲ, ಕರ್ತವ್ಯವೂ ಹೌದು.