ದನ್ನೆಮೋರ: ಮುಚ್ಚಿಹೋದ ಒಂದು ಕಬ್ಬಿಣದ ಗಣಿ

ಸ್ವೀಡನ್ ದೇಶದ ಕಬ್ಬಿಣವೆಂದರೆ ನಮ್ಮ ಭೂಗೋಳ ಪುಸ್ತಕಗಳು ಉತ್ತರದ ಕಿರುನಾ ಗಣಿಯೊಂದನ್ನೇ ಹೆಸರಿಸುತ್ತವೆ. ಆದರೆ ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ಉಕ್ಕು ತಯಾರಕರು ಹೆಚ್ಚಿನ ಬೆಲೆ ತೆತ್ತು ಕೊಳ್ಳುತ್ತಿದ್ದುದು ಉಪ್‌ಲಾಂಡ್ ಪ್ರಾಂತದ ದನ್ನೆಮೋರ ಗಣಿಯ ಅದಿರಿನಿಂದಾದ ಕಬ್ಬಿಣವನ್ನು. 1481ರಷ್ಟು ಹಿಂದೆಯೇ ದಾಖಲೆಯಲ್ಲಿ ಕಾಣಿಸಿಕೊಳ್ಳುವ ಈ ಗಣಿ ಇಂದು ನಿಂತುಹೋಗಿದೆ.

ಅಲ್ಲಿನ ಶಿಲೆಗಳಿಗೆ ಸುಮಾರು 190 ಕೋಟಿ ವರ್ಷಗಳ ವಯಸ್ಸು. ಆಳವಿಲ್ಲದ ಕಡಲಿನಲ್ಲಿ ಜ್ವಾಲಾಮುಖಿಯ ಬೂದಿಯೂ ಸುಣ್ಣಕಲ್ಲೂ ಪದರಪದರವಾಗಿ ನೆಲೆಗೊಂಡವು. ಬಿಸಿದ್ರವಗಳು ಸುಣ್ಣಕಲ್ಲಿನೊಳಗೆ ಹೊಕ್ಕು ಮ್ಯಾಗ್ನಟೈಟನ್ನು ಕೂಡಿಸಿದವು. ಅನಂತರದ ಭೂಚಲನೆಯಲ್ಲಿ ಪದರಗಳು ಮಡಿಚಿಕೊಂಡು ಹೆಚ್ಚುಕಡಿಮೆ ನೆಟ್ಟಗೆ ನಿಂತವು. ಆದಕಾರಣ ಅದಿರನ್ನು ಬೆನ್ನಟ್ಟಿದವನು ಆಳಕ್ಕೇ ಇಳಿಯಬೇಕಾಯಿತು. ಈ ಅದಿರಿನಲ್ಲಿ ರಂಜಕದ ಅಂಶ ಅತ್ಯಲ್ಪ, ಮ್ಯಾಂಗನೀಸು ಧಾರಾಳ. ರಂಜಕವು ಕಬ್ಬಿಣವನ್ನು ಪೆಡಸುಗೊಳಿಸುತ್ತದೆ. ಅದಿಲ್ಲದ್ದೇ ದನ್ನೆಮೋರದ ಭಾಗ್ಯ.

ಮೊದಮೊದಲು ಬಂಡೆಗೆ ಸೌದೆಯೊಟ್ಟಿ ಬೆಂಕಿ ಹಚ್ಚಿ, ಬಿರುಕು ಬಿಟ್ಟ ಕಲ್ಲನ್ನು ಒಡೆದು ತೆಗೆಯುತ್ತಿದ್ದರು. ನೆಲವನ್ನು ಬಗೆದು ಬಗೆದು ಉಂಟಾದ ಕಡಿದಾದ ಮಹಾಕಂದಕವು ಇಂದಿಗೂ ಬಾಯ್ದೆರೆದುಕೊಂಡಿದೆ. ಪಕ್ಕದಲ್ಲೇ ಸರೋವರ, ಆದ್ದರಿಂದ ಗಣಿಗಾರರ ನಿತ್ಯಶತ್ರು ನೀರು. ಅದನ್ನು ಎತ್ತಲು ಮಾರ್ಟಿನ್ ಟ್ರೀವಾಲ್ಡ್ 1728ರಲ್ಲಿ ಸ್ವೀಡನ್ನಿನ ಮೊದಲ ಉಗಿಯಂತ್ರವನ್ನು ಇಲ್ಲಿ ನಿಲ್ಲಿಸಿದನು. ಅದು ಪದೇ ಪದೇ ಕೆಟ್ಟು, ಕೆಲವೇ ವರ್ಷಗಳಲ್ಲಿ ಮೂಲೆಗುಂಪಾಯಿತು.

ಹದಿನೇಳನೆಯ ಶತಮಾನದಲ್ಲಿ ಇಂದಿನ ಬೆಲ್ಜಿಯಂ ಸೀಮೆಯಿಂದ ವಲಸೆ ಬಂದ ವಲೂನ್ ಕಮ್ಮಾರರು ಸುತ್ತಲ ಕುಲುಮೆಗಳಲ್ಲಿ ಈ ಅದಿರನ್ನು ಪಟ್ಟಿಕಬ್ಬಿಣವಾಗಿಸಿದರು. (ಗಡಿ ದಾಟಿ ನೆಲೆಸಿದವರ ಕುಶಲತೆ ಹೊಸ ನಾಡಿಗೆ ಆಸ್ತಿಯಾಗುವ ಬಗೆಯನ್ನು ನಮ್ಮಂಥವರಿಗೆ ವಿವರಿಸಬೇಕಿಲ್ಲ.) ಆ ಕಬ್ಬಿಣ ಷೆಫೀಲ್ಡಿಗೆ ಹೋಗಿ ಉಕ್ಕಾಯಿತು. ಅಲ್ಲಿ 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಮೂಸೆಯಲ್ಲಿ ಉಕ್ಕು ಕರಗಿಸುವ ವಿಧಾನವನ್ನು ರೂಢಿಗೆ ತಂದನು.

ಮೂಸೆಯುಕ್ಕು ಎಂದೊಡನೆ ಕನ್ನಡಿಗನ ಕಿವಿ ನಿಮಿರಬೇಕು. ಕಬ್ಬಿಣದ ತುಣುಕನ್ನು ತಂಗಡಿ ಗಿಡದ ಕಟ್ಟಿಗೆಯೊಡನೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ ಕಾಯಿಸುವ ಕ್ರಮ ಮೈಸೂರು ಸೀಮೆಯಲ್ಲಿ ಬಹುಕಾಲದಿಂದ ಇದ್ದಿತು. 1800–01ರ ಪ್ರವಾಸದಲ್ಲಿ ಬುಕನನ್ ಅದನ್ನು ಕಂಡು ವರ್ಣಿಸಿದ್ದಾನೆ. ಇಂಗ್ಲಿಷಿನ ‘ವೂಟ್ಸ್’ ನಮ್ಮ ‘ಉಕ್ಕು’ ಪದದ ಅಪಭ್ರಂಶವೆಂದು ಹಲವು ವಿದ್ವಾಂಸರ ಮತ. 1795ರಲ್ಲಿ ಜಾರ್ಜ್ ಪಿಯರ್ಸನ್ ಅದರ ಗುಣಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟನು. ಆದರೆ ಹಂಟ್ಸ್‌ಮನ್ ನಮ್ಮಿಂದಲೇ ಕಲಿತನೆನ್ನಲು ಆಧಾರವಿಲ್ಲ. ನಾಡಿನ ಅಭಿಮಾನಕ್ಕೆ ಆ ಊರುಗೋಲು ಬೇಕಾಗಿಯೂ ಇಲ್ಲ. ನಮ್ಮ ಕುಲುಮೆಗಳ ಬೆಂಕಿ ಆರಿದ್ದೇಕೆಂಬುದು ಇದಕ್ಕಿಂತ ದೊಡ್ಡ ಪ್ರಶ್ನೆ. ವಿದೇಶದ ಅಗ್ಗದ ಕಬ್ಬಿಣ ಹೇರಳವಾಗಿ ಬಂದಿಳಿದದ್ದು ಅದಕ್ಕೊಂದು ಮುಖ್ಯ ಕಾರಣ.

ಮಾರುಕಟ್ಟೆಯ ಏಟು ದನ್ನೆಮೋರಕ್ಕೂ ತಪ್ಪಲಿಲ್ಲ. 1992ರಲ್ಲಿ ಗಣಿ ಮುಚ್ಚಿತು, ಸುರಂಗಗಳಲ್ಲಿ ನೀರು ತುಂಬಿತು. ಅದಿರಿನ ಬೆಲೆ ಏರಿದಾಗ ನೀರನ್ನು ಹೊರಹಾಕಿ 2012ರಲ್ಲಿ ಕೆಲಸವನ್ನು ಪುನಃ ಆರಂಭಿಸಿದರು. ಬೆಲೆ ಕುಸಿಯಿತು, ಕಂಪನಿ ದಿವಾಳಿಯಾಗಿ 2015ರಲ್ಲಿ ಗಣಿ ಮತ್ತೆ ನಿಂತಿತು.