ಸ್ಥಿರಚಿತ್ರಕ್ಕೆ ಚಲನೆ ಕೊಟ್ಟ ಕಸುಬು: ಸಾಂಗಲಿ–ಮಿರಜ ಸೀಮೆಯ ಹಿನ್ನೆಲೆಯಲ್ಲಿ

ಮದುವೆಯ ಆರತಕ್ಷತೆ, ಷಷ್ಟ್ಯಬ್ದಿ ಸಮಾರಂಭ, ಶ್ರದ್ಧಾಂಜಲಿ ಸಭೆ ಮೊದಲಾದ ಸಂದರ್ಭಗಳಲ್ಲಿ ಪರದೆಯ ಮೇಲೆ ಹಾಡಿನ ಜೊತೆಗೆ ಮೂಡಿಬರುವ ಚಿತ್ರಮಾಲಿಕೆ, ಎಂದರೆ ನಿಂತ ಫೋಟೊಗಳನ್ನು ಒಂದರ ಹಿಂದೊಂದು ಪೋಣಿಸಿ ಅವು ಮೆಲ್ಲನೆ ಜರುಗುವಂತೆ, ಹಿಗ್ಗುವಂತೆ, ಒಂದು ಇನ್ನೊಂದರಲ್ಲಿ ಕರಗುವಂತೆ ಅಣಿಗೊಳಿಸಿದ ಪ್ರದರ್ಶನ, ಕಂಪ್ಯೂಟರ್ ಬಂದ ಮೇಲೆ ಹುಟ್ಟಿದ್ದೆಂಬ ಭಾವನೆ ಸಾಮಾನ್ಯವಾಗಿದೆ. ಯಂತ್ರವನ್ನಷ್ಟೇ ನೋಡಿದರೆ ಈ ಭಾವನೆ ಸರಿಯೆನಿಸುತ್ತದೆ. ಆದರೆ ಪ್ರದರ್ಶನಕ್ಕೂ ಮುಂಚೆ ನಡೆಯುವ ಕೆಲಸವನ್ನು, ಅಂದರೆ ಆಕೃತಿಯನ್ನು ಅದರ ಹಿನ್ನೆಲೆಯಿಂದ ಬಿಡಿಸಿಕೊಳ್ಳುವುದು, ಕಲೆಗಳನ್ನು ತಿದ್ದುವುದು, ಬಣ್ಣ ತುಂಬುವುದು, ಕಥೆಯ ಓಟಕ್ಕೆ ತಕ್ಕಂತೆ ಕ್ರಮ ಕಟ್ಟುವುದು ಇವನ್ನು ಗಮನಿಸಿದರೆ, ಈ ಕಸುಬಿನ ಬೇರುಗಳು ಕೃಷ್ಣಾ ತೀರದ ಸಾಂಗಲಿ–ಮಿರಜ ಸೀಮೆಯಲ್ಲಿ ಯಂತ್ರಕ್ಕಿಂತ ಹೆಚ್ಚಾಗಿ ರಂಗಭೂಮಿಯಲ್ಲಿ ಇಳಿದಿರುವುದು, ಆ ರಂಗಭೂಮಿಯ ಹುಟ್ಟಿನಲ್ಲಿ ಕನ್ನಡದ ಪಾಲು ದೊಡ್ಡದಾಗಿರುವುದು ಸ್ಪಷ್ಟವಾಗುತ್ತದೆ.

1801ರಲ್ಲಿ ಮಿರಜ ಸಂಸ್ಥಾನದಿಂದ ಪಾಲು ಪಡೆದು ಹೊರಬಂದ ಚಿಂತಾಮಣರಾವ್ ಅಪ್ಪಾಸಾಹೇಬ ಪಟವರ್ಧನರು ಸಾಂಗಲಿಯನ್ನು ತಮ್ಮ ರಾಜಧಾನಿಯಾಗಿ ಮಾಡಿಕೊಂಡರು. ಇವರ ಆಳ್ವಿಕೆಯ ಕೊನೆಯ ದಶಕದಲ್ಲಿ, 1842ರಲ್ಲಿ, ಹೊನ್ನಾವರದ ಸಮೀಪದ ಕರ್ಕಿಯಿಂದ ಬಂದ ಭಾಗವತ ಮೇಳವೊಂದು ಸಾಂಗಲಿಯಲ್ಲಿ ಯಕ್ಷಗಾನದ ಆಟಗಳನ್ನು ಆಡಿ ತೋರಿಸಿತು. ಅದನ್ನು ಕಂಡ ಅರಸರು ಅಂತಹುದನ್ನು ಮರಾಠಿಯಲ್ಲಿಯೂ ಕಟ್ಟಬೇಕೆಂದು ಬಯಸಿ, ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಆ ಹೊಣೆ ವಹಿಸಿದರು. 1843ರ ನವೆಂಬರ್ 5ರಂದು ಭಾವೆಯವರ ‘ಸೀತಾ ಸ್ವಯಂವರ’ ಪ್ರದರ್ಶಿತವಾಯಿತು; ಆ ದಿನವನ್ನು ಇಂದಿಗೂ ಮರಾಠಿ ರಂಗಭೂಮಿ ದಿನವೆಂದು ಆಚರಿಸಲಾಗುತ್ತದೆ. ಈ ನಾಟಕದಲ್ಲಿ ಪದ್ಯಗಳೆಲ್ಲ ಸೂತ್ರಧಾರನ ಬಾಯಲ್ಲಿದ್ದವು. ಅವನು ಹಾಡಿ ಕಥೆಯನ್ನು ಮುಂದಕ್ಕೆ ಒಯ್ಯುತ್ತಿದ್ದನು, ಪಾತ್ರಧಾರಿಗಳು ಆ ಹಾಡಿನ ಅರ್ಥವನ್ನು ಅಭಿನಯಿಸಿ, ಸಂದರ್ಭಕ್ಕೆ ತಕ್ಕ ಮಾತುಗಳನ್ನು ತಾವೇ ಜೋಡಿಸಿಕೊಳ್ಳುತ್ತಿದ್ದರು. ಭಾಗವತನ ಪದ ಮೊದಲು, ಪಾತ್ರದ ಚಲನೆ ಆಮೇಲೆ ಎಂಬ ಯಕ್ಷಗಾನದ ಕ್ರಮವೇ ಇದು. ಮುಂದೆ ಬೆಳಕಿನ ಚಿತ್ರಗಳ ಕಾಲದಲ್ಲಿಯೂ ಹಾಡು ಮುಂದೆ, ಚಿತ್ರ ಹಿಂದೆ ಎಂಬ ಈ ಕ್ರಮವೇ ಉಳಿದುಕೊಂಡಿತೆಂಬುದು ಗಮನಾರ್ಹವಾದ ಸಂಗತಿ.

ಭಾವೆಯವರು ನಾಟಕಕಾರರಷ್ಟೇ ಆಗಿರದೆ ಕೈಕೆಲಸದಲ್ಲಿಯೂ ನಿಪುಣರಾಗಿದ್ದರು. ಅವರು ತಯಾರಿಸಿದ ಕಳಸೂತ್ರಿ ಗೊಂಬೆಗಳು, ಅಂದರೆ ದಾರದ ಎಳೆತದಿಂದ ಕೈಕಾಲು ಆಡಿಸುವ ಮರದ ಗೊಂಬೆಗಳು, ಬಹುಕಾಲ ಮೂಲೆಗುಂಪಾಗಿದ್ದು, ಇಪ್ಪತ್ತನೆಯ ಶತಮಾನದಲ್ಲಿ ಮುಂಬಯಿಯ ಗೊಂಬೆಯಾಟಗಾರ ರಾಮದಾಸ ಪಾಧ್ಯೆಯವರ ಕೈಯಲ್ಲಿ ಮತ್ತೆ ಚೇತರಿಸಿಕೊಂಡವು. ಇದೇ ಗಡಿಸೀಮೆಯ ಇನ್ನೊಂದು ಪರಂಪರೆ ತೊಗಲುಗೊಂಬೆಯಾಟದ ಕಿಳ್ಳೇಕ್ಯಾತರದು. ಮನೆಯೊಳಗೆ ಮರಾಠಿಯ ಒಂದು ಒಳನುಡಿಯನ್ನೂ ಪರದೆಯ ಹಿಂದೆ ಕನ್ನಡವನ್ನೂ ಆಡುವ ಈ ಸಮುದಾಯದವರು ಆಡಿನ ಇಲ್ಲವೆ ಜಿಂಕೆಯ ತೊಗಲನ್ನು ಬೆಳಕು ತೂರುವಷ್ಟು ತೆಳ್ಳಗೆ ಹೆರೆದು, ಆಕೃತಿ ಬರೆದು ಕತ್ತರಿಸಿ, ಆಭರಣದ ಜಾಗದಲ್ಲಿ ಸಣ್ಣ ತೂತುಗಳನ್ನು ಕೊರೆದು, ಎರಡೂ ಬದಿಗೆ ಬಣ್ಣ ಹಚ್ಚುತ್ತಿದ್ದರು. ಇಡೀ ದೃಶ್ಯವನ್ನು ಒಂದೇ ತೊಗಲಿನಲ್ಲಿ ಬಿಡಿಸಿದ ಗೊಂಬೆ ಪರದೆಗೆ ಒರಗಿ ನಿಲ್ಲುತ್ತಿತ್ತು. ತೋಳು ಮತ್ತು ಮುಂಗೈಗಳನ್ನು ಬೇರೆ ಬೇರೆಯಾಗಿ ಕತ್ತರಿಸಿ ದಾರದಿಂದ ಕೂಡಿಸಿದ ಗೊಂಬೆ ಚಲಿಸುತ್ತಿತ್ತು. ಚಲಿಸಬೇಕಾದ ಭಾಗವನ್ನು ಮೊದಲೇ ಬೇರ್ಪಡಿಸಿ ಇಟ್ಟುಕೊಳ್ಳಬೇಕು ಎಂಬ ಈ ತಿಳಿವಳಿಕೆಯೇ ಮುಂದಿನ ಎಲ್ಲ ತಂತ್ರಗಳ ತಳಹದಿಯಾಗಿದೆ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮ್ಯಾಜಿಕ್ ಲ್ಯಾಂಟರ್ನ್, ಅಂದರೆ ಗಾಜಿನ ಮೇಲಿನ ಚಿತ್ರವನ್ನು ಬೆಳಕಿನಿಂದ ಹಿಗ್ಗಿಸಿ ಪರದೆಗೆ ಬೀಳಿಸುವ ಜಾದೂದೀಪ, ಭಾರತದ ಪಟ್ಟಣಗಳಲ್ಲಿ ಬಳಕೆಗೆ ಬಂದಿತು. ಯುರೋಪಿನಲ್ಲಿ ಇದರ ಚರಿತ್ರೆ 1659ರ ಸುಮಾರಿಗೆ ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗೆನ್ಸ್‌ನಿಂದ ಆರಂಭವಾಗುತ್ತದೆ. ಪೆಟ್ಟಿಗೆಯೊಳಗೆ ದೀಪ, ಅದರ ಮುಂದೆ ಬೆಳಕನ್ನು ಒಟ್ಟುಗೂಡಿಸುವ ದಪ್ಪ ಮಸೂರ, ನಡುವೆ ತಲೆಕೆಳಗಾಗಿ ತೂರಿಸಿದ ಗಾಜಿನ ಫಲಕ, ಹೊರತುದಿಯಲ್ಲಿ ಚಿತ್ರವನ್ನು ಸ್ಫುಟಗೊಳಿಸುವ ಇನ್ನೊಂದು ಮಸೂರ ಇರುತ್ತಿದ್ದವು. ಈ ಸ್ಥಿರವಾದ ವ್ಯವಸ್ಥೆಯಲ್ಲಿ ಚಲನೆಯನ್ನು ಹುಟ್ಟಿಸುವ ಉಪಾಯಗಳು ಬಹು ಸ್ವಾರಸ್ಯಕರವಾಗಿವೆ. ಒಂದು ಗಾಜಿನ ಮೇಲೆ ಎರಡು ಭಂಗಿಯ ಕೈಗಳನ್ನೂ ಬರೆದು, ಅದರ ಮೇಲೆ ಅಲ್ಲಲ್ಲಿ ಕಪ್ಪು ಬಳಿದ ಇನ್ನೊಂದು ಗಾಜನ್ನು ಜರುಗಿಸಿದರೆ, ಮುಚ್ಚಿದ ಕೈ ಕಾಣಿಸಿಕೊಂಡು ಕಾಣುತ್ತಿದ್ದ ಕೈ ಮರೆಯಾಗಿ, ಬಿಲ್ಲುಗಾರ ಬಾಣ ಬಿಟ್ಟಂತೆ ತೋರುತ್ತಿತ್ತು. ಎರಡು ದೀಪಗಳನ್ನು ಒಂದೇ ಪರದೆಗೆ ಗುರಿಯಿಟ್ಟು ಒಂದರ ಬೆಳಕನ್ನು ಕುಗ್ಗಿಸುತ್ತ ಇನ್ನೊಂದರದನ್ನು ಹೆಚ್ಚಿಸಿದರೆ ಹಗಲಿನ ನೋಟ ಇರುಳಿನ ನೋಟವಾಗಿ ಕರಗುತ್ತಿತ್ತು. ಇಂದಿನ ತಂತ್ರಾಂಶಗಳಲ್ಲಿ ಒಂದು ಗುಂಡಿಯೊತ್ತಿನಲ್ಲಿ ದೊರೆಯುವ ಕರಗುವಿಕೆಗೆ ಈ ಜೋಡಿದೀಪಗಳೇ ಮೂಲ.

ಮಹಾರಾಷ್ಟ್ರದಲ್ಲಿ ಈ ವಿದ್ಯೆಯನ್ನು ಕಲೆಯ ಮಟ್ಟಕ್ಕೆ ಏರಿಸಿದವರು ಕಲ್ಯಾಣದ ಮಹಾದೇವ ಪಟವರ್ಧನರು ಹಾಗೂ ಅವರ ಮಕ್ಕಳು. ಉಪನಾಮ ಒಂದೇ ಆಗಿದ್ದರೂ ಇವರನ್ನು ಸಾಂಗಲಿ–ಮಿರಜಗಳ ಅರಸು ಮನೆತನದವರೆಂದು ಭಾವಿಸಬಾರದು. 1892ರ ಸುಮಾರಿಗೆ ಅವರು ‘ಶಾಂಭರಿಕ ಖರೋಲಿಕಾ’ ಎಂಬ ಹೆಸರಿನಿಂದ ಪ್ರದರ್ಶನಗಳನ್ನು ಆರಂಭಿಸಿದರು. ಒಂದೇ ಪಾತ್ರದ ಹಲವು ಭಂಗಿಗಳನ್ನು ಬೇರೆ ಬೇರೆ ಗಾಜುಗಳ ಮೇಲೆ ಕೈಯಿಂದ ಚಿತ್ರಿಸಿ, ಒಂದಕ್ಕಿಂತ ಹೆಚ್ಚು ದೀಪಗಳ ಮೂಲಕ ಅವುಗಳನ್ನು ಚುರುಕಾಗಿ ಬದಲಿಸುತ್ತ, ಹಾಡು ಮತ್ತು ಮಾತಿನ ಬೆಂಬಲದಿಂದ ಪುರಾಣದ ಕಥೆಗಳನ್ನು ನಡೆಸಿಕೊಡುವುದು ಅವರ ಪದ್ಧತಿಯಾಗಿತ್ತು. ಅವರು ಆರಿಸಿಕೊಂಡ ಕಥೆಗಳಲ್ಲಿ ಸೀತಾ ಸ್ವಯಂವರವೂ ಇದ್ದುದು, ಅರ್ಧ ಶತಮಾನದ ಹಿಂದೆ ಸಾಂಗಲಿಯಲ್ಲಿ ರಂಗಕ್ಕೆ ಬಂದ ವಸ್ತು ಗಾಜಿನ ಫಲಕಕ್ಕೂ ದಾಟಿದ್ದನ್ನು ತೋರಿಸುತ್ತದೆ. ಅಂಗೈಯಷ್ಟು ಗಾಜಿನ ಮೇಲಿನ ಕೂದಲೆಳೆಯಂತಹ ತಪ್ಪು ಪರದೆಯ ಮೇಲೆ ಗೇಣುದ್ದ ಕಾಣುವುದರಿಂದ, ಈ ಚಿತ್ರಕಾರರ ಕೈ ಎಷ್ಟು ಹಿಡಿತದಲ್ಲಿತ್ತೆಂಬುದನ್ನು ಊಹಿಸಬಹುದು. ಚಲನಚಿತ್ರದ ಚರಿತ್ರೆಗಳಲ್ಲಿ ಇವರಿಗೆ ಒಂದೆರಡು ವಾಕ್ಯಗಳಷ್ಟೇ ದೊರೆಯುತ್ತಿರುವುದು ನ್ಯಾಯವಲ್ಲ.

ಮಿರಜಕ್ಕೆ ರೈಲು ಬಂದು, 1891ರಲ್ಲಿ ಕೊಲ್ಲಾಪುರದ ಕವಲು ಕೂಡಿಕೊಂಡ ಮೇಲೆ, ಪುಣೆ, ಬೆಳಗಾವಿ, ಹುಬ್ಬಳ್ಳಿಗಳ ನಡುವೆ ಓಡಾಡುವ ನಾಟಕ ಕಂಪನಿಗಳಿಗೆ ಈ ಊರು ಸಹಜವಾದ ತಂಗುದಾಣವಾಯಿತು. 1905ರಲ್ಲಿ ಮರಾಠಿ ನಟ ಬಾಲಗಂಧರ್ವರು ಕಿರ್ಲೋಸ್ಕರ ನಾಟಕ ಮಂಡಳಿಯ ಶಕುಂತಲೆಯಾಗಿ ರಂಗ ಪ್ರವೇಶ ಮಾಡಿದ್ದು ಮಿರಜದಲ್ಲಿಯೇ. ನಾಟಕ ಕಂಪನಿಗಳ ಜೊತೆಗೆ ಪರದೆ ಬರೆಯುವ ಕಲಾವಿದರೂ ನಟರ ಭಾವಚಿತ್ರ ತೆಗೆಯುವ ಫೋಟೊಗ್ರಾಫರರೂ ಬೆಳೆದರು. ಕೊಲ್ಲಾಪುರದ ಆನಂದರಾವ್ ಮತ್ತು ಬಾಬುರಾವ್ ಪೇಂಟರ್ ಸೋದರಸಂಬಂಧಿಗಳು ಇಂತಹ ಪರದೆಗಳನ್ನು ಬರೆಯುತ್ತಲೇ ಸಿನಿಮಾದ ಕಡೆಗೆ ತಿರುಗಿದವರು. ಅವರ ಮುಂದಿನ ಪೀಳಿಗೆಯ ಚಿತ್ರನಿರ್ದೇಶಕ ವ್ಹಿ. ಶಾಂತಾರಾಮರು ಎಳೆಯ ವಯಸ್ಸಿನಲ್ಲಿ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿಯೂ ಅಲ್ಲಿನ ಸಿನಿಮಾ ಮಂದಿರದಲ್ಲಿಯೂ ದುಡಿದು ಬಂದವರು.

ಫೋಟೊ ಸ್ಟುಡಿಯೋಗಳ ಒಳಗೆ ನಡೆಯುತ್ತಿದ್ದ ‘ಟಚಿಂಗ್’ ಕೆಲಸವನ್ನು ಇಲ್ಲಿ ತುಸು ವಿವರವಾಗಿ ನೋಡಬೇಕು. ಇಳಿಜಾರಾಗಿ ನಿಲ್ಲಿಸಿದ ಹಲಗೆಯ ನಡುವೆ ಮಸುಕುಗಾಜಿನ ಕಿಂಡಿಯಿರುತ್ತಿತ್ತು. ಅದರ ಮೇಲೆ ನೆಗೆಟಿವ್ ಇಟ್ಟು, ಹಿಂದಿನಿಂದ ಕಿಟಕಿಯ ಬೆಳಕು ಬೀಳುವಂತೆ ಮಾಡಿ, ಲೇಪನದ ಮೇಲೆ ಪೆನ್ಸಿಲ್ ಹಿಡಿಯುವಂತಹ ಅಂಟುದ್ರವವನ್ನು ತೆಳ್ಳಗೆ ಒರೆಸಿ, ಉಜ್ಜುಕಾಗದದ ಮೇಲೆ ಸೂಜಿಯಷ್ಟು ಚೂಪಾಗಿಸಿದ ಗಟ್ಟಿ ಪೆನ್ಸಿಲ್ಲಿನಿಂದ ಅಲ್ಪವಿರಾಮದ ಆಕಾರದ ಸಣ್ಣ ಗೀರುಗಳನ್ನು ತುಂಬಲಾಗುತ್ತಿತ್ತು. ನೆಗೆಟಿವ್‌ನಲ್ಲಿ ಕಪ್ಪಾದದ್ದು ಪ್ರಿಂಟಿನಲ್ಲಿ ಬಿಳಿಯಾಗುವುದರಿಂದ, ಸಿಡುಬಿನ ಕಲೆಯಾಗಲಿ ಕಣ್ಣಿನ ಕೆಳಗಿನ ನೆರಳಾಗಲಿ ಹೀಗೆ ತಿಳಿಯಾಗುತ್ತಿತ್ತು. ಹಿನ್ನೆಲೆ ಬೇಡವಾದಲ್ಲಿ ಆಕೃತಿಯ ಅಂಚಿನ ಗುಂಟ ಬೆಳಕು ತೂರದ ಕೆಂಪು ಬಣ್ಣವನ್ನು ಕುಂಚದಿಂದ ಬಳಿದರೆ, ಪ್ರಿಂಟಿನಲ್ಲಿ ವ್ಯಕ್ತಿ ಮಾತ್ರ ಉಳಿದು ಸುತ್ತಲೂ ಬಿಳಿ ಬಯಲಾಗುತ್ತಿತ್ತು. ಲ್ಯಾಂಟರ್ನಿನ ಗಾಜಿನ ಮೇಲೆ ಬಳಿದ ಕಪ್ಪಿಗೂ ನೆಗೆಟಿವ್ ಮೇಲೆ ಬಳಿದ ಈ ಕೆಂಪಿಗೂ ಉದ್ದೇಶ ಒಂದೇ ಆಗಿತ್ತು. ಕಪ್ಪು-ಬಿಳುಪು ಪ್ರಿಂಟಿಗೆ ಕೈಯಿಂದ ಬಣ್ಣ ಹಾಕುವವರು, ಅಡಿಯ ನೆರಳು ಕಾಣುತ್ತಿರಬೇಕೆಂಬ ಕಾರಣದಿಂದ, ಪಾರದರ್ಶಕ ಬಣ್ಣಗಳನ್ನೇ ಬಳಸುತ್ತಿದ್ದರು.

ಸಿನಿಮಾ ಟಾಕೀಸುಗಳು ಬಂದ ಬಳಿಕವೂ ಗಾಜಿನ ಫಲಕ ಅಳಿಯಲಿಲ್ಲ. ಆಟದ ಮುಂಚೆ ಮತ್ತು ವಿರಾಮದಲ್ಲಿ ಸೀರೆಯಂಗಡಿ, ಸರಾಫಕಟ್ಟೆ, ಬಸ್ ಸರ್ವೀಸುಗಳ ಜಾಹೀರಾತು ‘ಸ್ಲೈಡು’ಗಳನ್ನು ತೋರಿಸುವ ರೂಢಿ ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ನಡೆದುಬಂದಿತು. ತುರ್ತು ಸೂಚನೆಗಾಗಿ ಗಾಜಿಗೆ ಮಸಿ ಬಳಿದು, ಒಣಗಿದ ಮೇಲೆ ಮೊಳೆಯಿಂದ ಅಕ್ಷರ ಗೀರಿದರೂ ಸಾಕಾಗುತ್ತಿತ್ತು.

ಕಂಪ್ಯೂಟರ್ ಈ ಕಸುಬಿಗೆ ಬಂದದ್ದು ತಿದ್ದುವ ಸಾಧನವಾಗಿ. 1990ರಲ್ಲಿ ಬಿಡುಗಡೆಯಾದ ಫೋಟೊಶಾಪ್ ತಂತ್ರಾಂಶಕ್ಕೆ 1994ರ ಮೂರನೆಯ ಆವೃತ್ತಿಯಲ್ಲಿ ‘ಲೇಯರ್’, ಎಂದರೆ ಒಂದರ ಮೇಲೊಂದು ಹಾಸಿದ ಪಾರದರ್ಶಕ ಪದರಗಳ ಸೌಲಭ್ಯ, ಸೇರಿತು. ಒಂದರ ಮೇಲೊಂದು ಜರುಗುವ ಲ್ಯಾಂಟರ್ನ್ ಗಾಜುಗಳ ತತ್ತ್ವವೇ ಇಲ್ಲಿ ಗಣಿತದ ರೂಪ ತಾಳಿದೆ ಎನ್ನಬಹುದು. ಚಿತ್ರಮಾಲಿಕೆಗಾಗಿ ಫೋಟೊ ಸಿದ್ಧಪಡಿಸುವವನು ಮೊದಲು ಅಳತೆಯ ಲೆಕ್ಕ ಹಾಕಬೇಕಾಗುತ್ತದೆ. ಪರದೆಯ ಚೌಕಟ್ಟು 1920×1080 ಚುಕ್ಕೆಗಳದಾಗಿದ್ದು, ಚಿತ್ರ ಮೆಲ್ಲನೆ ಎರಡು ಪಟ್ಟು ಹಿಗ್ಗಬೇಕೆಂದಿದ್ದರೆ, ಮೂಲಚಿತ್ರದಲ್ಲಿ ಅಗಲಕ್ಕೂ ಎತ್ತರಕ್ಕೂ ಅದರ ಎರಡರಷ್ಟು ಚುಕ್ಕೆಗಳಿರಬೇಕು. 4×6 ಅಂಗುಲದ ಹಳೆಯ ಪ್ರಿಂಟನ್ನು ಅಂಗುಲಕ್ಕೆ 600 ಚುಕ್ಕೆಗಳಂತೆ ಸ್ಕ್ಯಾನ್ ಮಾಡಿದರೆ 2400×3600 ಚುಕ್ಕೆಗಳು ದೊರೆತು, ಅಗಲದಲ್ಲಿ ತುಸು ಕಡಿಮೆಯಾದರೂ ಸಾಮಾನ್ಯವಾಗಿ ಸಾಕಾಗುತ್ತವೆ. ಆದರೆ ಇಡೀ ಬಳಗ ನಿಂತ ಗುಂಪುಚಿತ್ರದಲ್ಲಿ ಅಜ್ಜಿಯ ಅರ್ಧ ಅಂಗುಲದ ಮುಖವೊಂದೇ ಪರದೆಯ ಅರ್ಧ ಎತ್ತರ ತುಂಬಬೇಕಾದರೆ ಅಂಗುಲಕ್ಕೆ 1200 ಚುಕ್ಕೆಗಳು ಬೇಕು. ಈ ಲೆಕ್ಕ ತಪ್ಪಿದಲ್ಲಿ ಮುಖ ಹತ್ತಿರ ಬಂದಂತೆಲ್ಲ ಮಂಜಾಗುತ್ತದೆ.

ಇದರ ಮುಂದಿನ ಹಂತ ‘ಕಟಿಂಗ್’. ವ್ಯಕ್ತಿಯನ್ನು ಹಿನ್ನೆಲೆಯಿಂದ ಕತ್ತರಿಸಿ ಬೇರೆ ಪದರದಲ್ಲಿರಿಸಿ, ಹಿಂದೆ ಉಳಿದ ತೂತನ್ನು ಸುತ್ತಲಿನ ಬಣ್ಣದಿಂದ ತುಂಬಿ, ಎರಡು ಪದರಗಳನ್ನೂ ಬೇರೆ ಬೇರೆ ವೇಗದಲ್ಲಿ ಜರುಗಿಸಿದರೆ ಚಪ್ಪಟೆ ಫೋಟೊದಲ್ಲಿ ಆಳದ ಭ್ರಮೆ ಹುಟ್ಟುತ್ತದೆ. ಸಾಂಗಲಿ–ಮಿರಜದ ಕಡೆಯ ಮದುವೆಗಳಲ್ಲಿ ವಧೂವರರ ಹಣೆಗೆ ಕಟ್ಟುವ ಮುಂಡಾವಳಿಯ ಮುತ್ತಿನ ಎಳೆಗಳು ಕೆನ್ನೆಯ ಪಕ್ಕ ಜೋಲುತ್ತಿದ್ದು, ಆ ಎಳೆಗಳ ಸಂದಿನಲ್ಲಿ ಹಿಂದಿನ ಮಂಟಪದ ಬಣ್ಣ ಇಣುಕುತ್ತಿರುತ್ತದೆ. ಒಂದೊಂದು ಮುತ್ತಿನ ಅಂಚನ್ನೂ ಸುತ್ತಿ ಆ ಬಣ್ಣವನ್ನು ತೆಗೆಯುವ ತಾಳ್ಮೆಯಿಂದಲೇ ಈ ಕಸುಬುದಾರನ ಯೋಗ್ಯತೆಯನ್ನು ಅಳೆಯಬೇಕು.

ಗಡಿಸೀಮೆಯ ಕೆಲಸಗಾರರಿಗೆ ಲಿಪಿಯ ತೊಡಕೂ ಇತ್ತು. ಮರಾಠಿ ಹಾಗೂ ಕನ್ನಡ ಬಳಗಗಳು ಕೂಡಿದ ಮದುವೆಯಲ್ಲಿ ಹೆಸರುಗಳನ್ನು ಎರಡೂ ಲಿಪಿಗಳಲ್ಲಿ ಕೂರಿಸಬೇಕಾದಾಗ, ಯೂನಿಕೋಡ್ ಕನ್ನಡವನ್ನು ಹಳೆಯ ತಂತ್ರಾಂಶಗಳು ಸರಿಯಾಗಿ ಜೋಡಿಸದೆ ಒತ್ತಕ್ಷರಗಳು ಬೇರ್ಪಟ್ಟು ಪಕ್ಕದಲ್ಲಿ ಬೀಳುತ್ತಿದ್ದವು. ಆದ್ದರಿಂದ ಪುಣೆಯ ಶ್ರೀಲಿಪಿ, ಕರ್ನಾಟಕದ ನುಡಿ, ಬರಹ ಮೊದಲಾದವುಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬರೆದು, ಅದನ್ನು ಚಿತ್ರವಾಗಿ ಮಾರ್ಪಡಿಸಿ ಅಂಟಿಸುವ ದಾರಿ ಬಹುಕಾಲ ಬಳಕೆಯಲ್ಲಿತ್ತು.

ಈ ಕಸುಬಿಗೆ ಇನ್ನೊಂದು ಮುಖವನ್ನು ಕೊಟ್ಟದ್ದು ಕೃಷ್ಣೆಯ ನೆರೆ. 2005ರಲ್ಲಿ ಒಮ್ಮೆ, 2019ರ ಆಗಸ್ಟ್‌ನಲ್ಲಿ ಅದಕ್ಕೂ ಭೀಕರವಾಗಿ ಸಾಂಗಲಿ ಮುಳುಗಿತು. 45 ಅಡಿ ಅಪಾಯದ ಮಟ್ಟವಾಗಿರುವ ಇರ್ವಿನ್ ಸೇತುವೆಯ ಬಳಿ 2019ರಲ್ಲಿ ನೀರು 57 ಅಡಿ ಮೀರಿತು. ಫೋಟೊ ಕಾಗದದ ಮೇಲಿನ ಜೆಲಟಿನ್ ಲೇಪನ ನೀರಿನಲ್ಲಿ ನೆನೆದು ಉಬ್ಬುತ್ತದೆ, ಒಣಗುವಾಗ ಕಟ್ಟಿನ ಗಾಜಿಗೋ ಪಕ್ಕದ ಚಿತ್ರಕ್ಕೋ ಕಚ್ಚಿಕೊಳ್ಳುತ್ತದೆ. ಅದನ್ನು ಎಳೆದು ಬಿಡಿಸಹೋದರೆ ಮುಖವೇ ಕಿತ್ತು ಬರುತ್ತದೆ. ಒದ್ದೆಯಿರುವಾಗಲೇ ತಿಳಿಯಾದ ತಣ್ಣೀರಿನಲ್ಲಿ ತೇಲಿಬಿಟ್ಟು ಬಿಡಿಸುವುದು, ಗಾಜಿಗೆ ಅಂಟಿ ಒಣಗಿದ್ದನ್ನು ಗಾಜಿನ ಸಮೇತವೇ ಸ್ಕ್ಯಾನ್ ಮಾಡಿ ಕಲೆಗಳನ್ನು ಆಮೇಲೆ ಕಂಪ್ಯೂಟರಿನಲ್ಲಿ ತಿದ್ದುವುದು ಸುರಕ್ಷಿತವಾದ ಕ್ರಮ. ಕಣ್ಣು, ತುಟಿ, ಮೂಗಿನ ರೇಖೆಗಳು ಅಳಿಸಿಹೋಗಿದ್ದಲ್ಲಿ ಅದೇ ವ್ಯಕ್ತಿಯ ಮತ್ತೊಂದು ಚಿತ್ರದಿಂದ ಆ ಭಾಗವನ್ನು ತಂದು ಜೋಡಿಸಬೇಕೇ ಹೊರತು ಊಹೆಯಿಂದ ತುಂಬಬಾರದು. ಹಾಗೆ ತುಂಬಿದ ಮುಖ ಎಷ್ಟೇ ಚೆಲುವಾಗಿದ್ದರೂ ಅದು ಆ ಮನೆಯ ಹಿರಿಯರ ಮುಖವಾಗಿರುವುದಿಲ್ಲ.

ಕ್ರಮ ಕಟ್ಟುವ ಕೆಲಸದಲ್ಲಿ ಮಾತ್ರ ಯಕ್ಷಗಾನದ ಕಾಲದ ಪದ್ಧತಿ ಇಂದಿಗೂ ಮುಂದುವರಿದಿದೆ. ಮೊದಲು ಹಾಡು ನಿಶ್ಚಯವಾಗುತ್ತದೆ. ನಾಲ್ಕು ನಿಮಿಷದ ಹಾಡಿನಲ್ಲಿ ಪ್ರತಿ ಚಿತ್ರ ಐದು ಸೆಕೆಂಡು ನಿಂತು, ಅದರಲ್ಲಿ ಒಂದು ಸೆಕೆಂಡು ಮುಂದಿನದರೊಂದಿಗೆ ಕರಗುವುದಾದರೆ ಸುಮಾರು 60 ಚಿತ್ರಗಳು ಹಿಡಿಯುತ್ತವೆ. ತಾಳದ ಪೆಟ್ಟು ಬೀಳುವಲ್ಲಿ ಚಿತ್ರ ಬದಲಾಗಬೇಕು, ಪಲ್ಲವಿ ಮರಳಿದಾಗ ಮುಖ್ಯ ವ್ಯಕ್ತಿ ಮರಳಬೇಕು. ಇಂದು ಮೊಬೈಲಿನ ಸಿದ್ಧ ಮಾದರಿಗಳು ಈ ಜೋಡಣೆಯನ್ನು ಕ್ಷಣಮಾತ್ರದಲ್ಲಿ ಮಾಡಿಕೊಡುವುದರಿಂದ ಕೆಲಸದ ಆ ಭಾಗ ಸ್ಟುಡಿಯೋಗಳ ಕೈಬಿಡುತ್ತಿದೆ. ಹಾಳಾದ ಹಳೆಯ ಚಿತ್ರದ ದುರಸ್ತಿ, ಮುತ್ತಿನೆಳೆಗಳ ನಡುವಿನ ಕಟಿಂಗ್, ಯಾವ ಚಿತ್ರವನ್ನು ಬಿಡಬೇಕೆಂಬ ತೀರ್ಮಾನ ಇವು ಮಾತ್ರ ಇನ್ನೂ ಪಳಗಿದ ಕಣ್ಣನ್ನೇ ಬೇಡುತ್ತಿವೆ.