ಗೋಡೆಯ ನೂಲು: ಒಂದು ಚಾರಿತ್ರಿಕ ವಿವೇಚನೆ

ಕಟ್ಟಡವು ಪೂರ್ಣವಾದ ಮೇಲೆ ಇಟ್ಟಿಗೆ ಉಳಿಯುತ್ತದೆ, ಗಾರೆ ಉಳಿಯುತ್ತದೆ. ಕರಣಿಯಾಡಿದ ಗುರುತೂ ಕೆಲವೆಡೆ ಉಳಿಯುವುದುಂಟು. ಆದರೆ ಪ್ರತಿಯೊಂದು ವರಸೆಯನ್ನೂ ನೇರವಾಗಿ ನಿಲ್ಲಿಸಿದ ನೂಲನ್ನು ಗಾರೆಯವನು ಸಂಜೆಗೆ ಸುತ್ತಿಕೊಂಡು ಹೋಗುತ್ತಾನೆ. ಅವಶೇಷಗಳನ್ನೇ ಆಧಾರವಾಗಿಟ್ಟುಕೊಳ್ಳುವ ವಾಸ್ತುಚರಿತ್ರೆಯಲ್ಲಿ ಈ ನೂಲಿಗೆ ದೊರೆತಿರುವ ಸ್ಥಾನ ಅತ್ಯಲ್ಪ. ಭಾಷೆ ಮಾತ್ರ ಅದನ್ನು ಮರೆತಿಲ್ಲ. ನೇರವಾದುದನ್ನು ಕಂಡಾಗ ಕನ್ನಡಿಗರು ‘ನೂಲು ಹಿಡಿದಂತಿದೆ’ ಎನ್ನುವರು. ಸಂಸ್ಕೃತದ ‘ಸೂತ್ರ’ ಶಬ್ದವಂತೂ ನೂಲಿನಿಂದ ಹೊರಟು ಶಾಸ್ತ್ರವಾಕ್ಯದವರೆಗೆ ಬೆಳೆದಿದೆ. ಈ ಬೆಳವಣಿಗೆಯಲ್ಲಿ ಒಂದು ಸಂಗತಿ ಮರೆಗೆ ಸರಿಯಿತು. ಕಟ್ಟುವವನಿಗೆ ಬೇಕಾದ ಸೂತ್ರ ಒಂದಲ್ಲ, ಎರಡು. ಅವೆರಡರ ಗುಣಗಳೂ ಬೇರೆ ಬೇರೆ. ಯಾವ ಕೆಲಸಕ್ಕೆ ಯಾವುದೆಂದು ಆರಿಸುವುದೇ ಒಂದು ವಿದ್ಯೆ.

ಮೊದಲನೆಯದು ಅಳತೆಯ ಹಗ್ಗ. ಬೌಧಾಯನ, ಆಪಸ್ತಂಬ, ಕಾತ್ಯಾಯನ ಮೊದಲಾದವರ ಹೆಸರಿನಲ್ಲಿರುವ ಶುಲ್ಬಸೂತ್ರಗಳು ಯಜ್ಞವೇದಿಗಳ ರಚನೆಯನ್ನು ವಿವರಿಸುವ ಗ್ರಂಥಗಳು. ‘ಶುಲ್ಬ’ವೆಂದರೆ ಹಗ್ಗವೇ. ಗಿಡುಗನಾಕಾರದ ಶ್ಯೇನಚಿತಿಯಲ್ಲಿ ಐದು ಪದರಗಳು. ಪದರವೊಂದಕ್ಕೆ 200 ಇಟ್ಟಿಗೆಗಳು. ಒಂದು ಪದರದ ಸಂದು ಮೇಲಿನ ಪದರದ ಸಂದಿನೊಡನೆ ಕೂಡಬಾರದೆಂಬ ನಿಯಮವನ್ನೂ ಅಲ್ಲಿ ಕಾಣಬಹುದು. ಇಂದಿನ ಗಾರೆಯವನು ಪಾಲಿಸುವ ನಿಯಮವೂ ಇದೇ.

ಮಹಾವೇದಿಯ ಮೂಲೆಯನ್ನು ಸಾಧಿಸಲು ಆಪಸ್ತಂಬನು ಹೇಳುವ ಕ್ರಮ ಸರಳವಾದುದು. 36 ಮಾನದ ಅಂತರದಲ್ಲಿ ಎರಡು ಗೂಟಗಳನ್ನು ನೆಡಬೇಕು. ಹಗ್ಗಕ್ಕೆ 18 ಮಾನ ಸೇರಿಸಿ 54 ಮಾಡಿ, ಒಂದು ತುದಿಯಿಂದ 15ಕ್ಕೆ ಗುರುತು ಹಾಕಿ, ಎರಡು ತುದಿಗಳನ್ನೂ ಗೂಟಗಳಿಗೆ ಕಟ್ಟಿ, ಗುರುತನ್ನು ಹಿಡಿದು ಪಕ್ಕಕ್ಕೆ ಎಳೆಯಬೇಕು. ಆಗ 15, 36, 39ರ ತ್ರಿಕೋಣವೇರ್ಪಟ್ಟು ಲಂಬಕೋನ ದೊರೆಯುತ್ತದೆ. ಆದರೆ ಹೀಗೆ ಎಳೆಯುವಾಗ ಹಗ್ಗವು ನೂರಕ್ಕೆ ಒಂದರಷ್ಟು ಹಿಗ್ಗಿತೆಂದು ಭಾವಿಸಿದರೆ, ಗೂಟಗಳು ಕದಲದಿದ್ದರೂ ಮೂಲೆಯು ಒಂದು ಡಿಗ್ರಿಗಿಂತ ಹೆಚ್ಚಾಗಿ ತಪ್ಪುತ್ತದೆ. ಗಣಿತ ನಿರ್ದುಷ್ಟವಾದರೂ ನಾರು ಕೈಕೊಟ್ಟರೆ ವೇದಿ ವಕ್ರವಾಗುತ್ತದೆ. ಆದುದರಿಂದ ಅಳತೆಯ ಹಗ್ಗಕ್ಕೆ ಹಿಗ್ಗದಿರುವುದೇ ಪರಮಗುಣ.

ಈ ಹಗ್ಗವು ಯಜ್ಞಶಾಲೆಯಿಂದ ರಾಜ್ಯಾಡಳಿತಕ್ಕೂ ಪ್ರವೇಶಿಸಿತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಹತ್ತು ದಂಡಗಳಿಗೆ ಒಂದು ‘ರಜ್ಜು’. ಮೂರು ರಜ್ಜುಗಳಿಗೆ ಒಂದು ನಿವರ್ತನ. ಅಶೋಕನ ಶಾಸನಗಳಲ್ಲಿ ಬರುವ ‘ರಜ್ಜುಕ’ರೆಂಬ ಅಧಿಕಾರಿಗಳ ಹೆಸರನ್ನೂ ವಿದ್ವಾಂಸರು ಭೂಮಿಯನ್ನಳೆಯುವ ಹಗ್ಗಕ್ಕೆ ಸಂಬಂಧಿಸಿ ಅರ್ಥೈಸುತ್ತಾರೆ. ಅಳತೆಯ ಹಗ್ಗಕ್ಕೆ ಹೀಗೆ ಗ್ರಂಥವೂ ದೊರೆಯಿತು, ಪದವಿಯೂ ದೊರೆಯಿತು.

ಎರಡನೆಯ ಸೂತ್ರವಾದ ಗೋಡೆಯ ನೂಲಿಗೆ ಇವೆರಡೂ ದೊರೆಯಲಿಲ್ಲ. ಅದರ ಕೆಲಸ ಅಳೆಯುವುದಲ್ಲ, ನೇರವನ್ನು ತೋರಿಸುವುದು. ಗಾರೆಯವನು ಮೊದಲು ಎರಡು ಮೂಲೆಗಳನ್ನು ತೂಗುಗುಂಡಿನಿಂದಲೂ ರಸಮಟ್ಟದಿಂದಲೂ ಪರೀಕ್ಷಿಸಿ ಕಟ್ಟಿ, ಅವುಗಳ ನಡುವೆ ನೂಲನ್ನು ಬಿಗಿದು, ವರಸೆಯ ಮೇಲಂಚನ್ನು ಅದಕ್ಕೆ ಸರಿಯಾಗಿ ಕೂಡಿಸುತ್ತಾನೆ. ಇಟ್ಟಿಗೆ ನೂಲಿಗೆ ತಾಗಕೂಡದು, ಕೂದಲೆಳೆಯಷ್ಟು ಅಂತರವಿರಬೇಕು. ಒಂದು ಇಟ್ಟಿಗೆ ನೂಲನ್ನು ಹೊರಕ್ಕೆ ತಳ್ಳಿದರೆ ಮುಂದಿನವೆಲ್ಲ ಆ ತಪ್ಪನ್ನೇ ಅನುಸರಿಸುತ್ತವೆ.

ಇಲ್ಲಿ ಶತ್ರುವೆಂದರೆ ಜೋಲು. ಎಷ್ಟೇ ಬಿಗಿದರೂ ನೂಲು ತನ್ನ ತೂಕದಿಂದಲೇ ನಡುವೆ ತಗ್ಗುತ್ತದೆ. ಬಿಗಿತ ಅಷ್ಟೇ ಇದ್ದು ಗೋಡೆಯ ಉದ್ದ ಇಮ್ಮಡಿಯಾದರೆ ಜೋಲು ನಾಲ್ಮಡಿಯಾಗುತ್ತದೆ. ನೂಲು ಹಗುರವಾದಷ್ಟೂ ಕಡಿಮೆಯಾಗುತ್ತದೆ. ಉದ್ದವಾದ ಗೋಡೆಯ ನಡುವೆ ಒಂದು ಇಟ್ಟಿಗೆಯನ್ನು ಮಟ್ಟಕ್ಕೆ ಕೂಡಿಸಿ ನೂಲಿಗೆ ಆಸರೆ ಕೊಡುವ ಪದ್ಧತಿ ಇದರಿಂದಲೇ ಹುಟ್ಟಿತು. ಹತ್ತಿಯ ಅಥವಾ ಸೆಣಬಿನ ಹುರಿಯಾದರೆ ಇನ್ನೊಂದು ತೊಡಕು: ಹೊಸೆದ ಹುರಿ ನೆನೆದಾಗ ಗಿಡ್ಡವಾಗಿ ಬಿಗಿಯುತ್ತದೆ, ಒಣಗಿದಾಗ ಸಡಿಲಗೊಳ್ಳುತ್ತದೆ. ಮುಂಜಾನೆಯ ಇಬ್ಬನಿಯಲ್ಲಿ ಬಿಗಿದ ನೂಲನ್ನು ಮಧ್ಯಾಹ್ನ ನಂಬುವಂತಿಲ್ಲ.

1938ರಲ್ಲಿ ಅಮೆರಿಕದ ಡುಪಾಂಟ್ ಸಂಸ್ಥೆಯು ನೈಲಾನನ್ನು ಪ್ರಕಟಪಡಿಸಿದ ಮೇಲೆ ಕಾಲಕ್ರಮದಲ್ಲಿ ಈ ಕ್ಷೇತ್ರದಲ್ಲಿಯೂ ಬದಲಾವಣೆಯಾಯಿತು. ನೈಲಾನ್ ಎಳೆ ತೆಳುವಾಗಿದ್ದರೂ ಗಟ್ಟಿ, ಕೊಳೆಯದು. ಅಳತೆಯ ಹಗ್ಗಕ್ಕೆ ದೋಷವಾಗಿದ್ದ ಹಿಗ್ಗುವ ಸ್ವಭಾವವು ಇಲ್ಲಿ ಗುಣವಾಯಿತು: ಸ್ವಲ್ಪ ಹಿಗ್ಗಿಸಿ ಕಟ್ಟಿದ ನೂಲು ತನ್ನ ಬಿಗಿತವನ್ನು ತಾನೇ ಕಾಯ್ದುಕೊಳ್ಳುತ್ತದೆ. ಹೊಸೆದ ನೂಲು ಕತ್ತರಿಸಿದಲ್ಲಿ ಬಿಚ್ಚಿಕೊಳ್ಳುವುದರಿಂದ ಹೆಣೆದ ನೂಲೇ ಮೇಲು. ಗಾರೆಯ ನಡುವೆಯೂ ಕಣ್ಣಿಗೆ ಬೀಳುವಂತಹ ಗಾಢವಾದ ಬಣ್ಣದ್ದಾದರೆ ಇನ್ನೂ ಲೇಸು. ಒಂದೇ ‘ಸೂತ್ರ’ವೆಂಬ ಹೆಸರಿನಲ್ಲಿ ಅಡಗಿದ್ದ ಎರಡು ಉಪಕರಣಗಳ ಭೇದವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ನಿದರ್ಶನ ಬೇರೊಂದಿಲ್ಲ.

ನೂಲು ಹಿಡಿದವನ ಹೆಸರು ಉಳಿದಿರುವುದು ವಿರಳ. ಕಲ್ಲಿನ ಕಟ್ಟಡವಾದರೂ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಇಲ್ಲಿ ನೆನೆಯಬೇಕು. 8ನೆಯ ಶತಮಾನದಲ್ಲಿ ಚಾಲುಕ್ಯ ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಕಟ್ಟಿಸಿದ ಆ ಗುಡಿಯ ಶಾಸನಗಳಲ್ಲಿ ಗುಂಡನೆಂಬ ಅನಿವಾರಿತಾಚಾರಿಗೆ ‘ತ್ರಿಭುವನಾಚಾರಿ’ ಎಂಬ ಬಿರುದು ದೊರೆತ ಉಲ್ಲೇಖವಿದೆ. ಸರ್ವಸಿದ್ಧಿ ಆಚಾರಿಯನ್ನು ತೆಂಕಣ ದಿಕ್ಕಿನ ಸೂತ್ರಧಾರಿ ಎಂದು ಹೊಗಳಿದೆ. ಯುದ್ಧದಲ್ಲಿ ಗೆದ್ದ ಅರಸನ ಕೀರ್ತಿಯ ಜೊತೆಯಲ್ಲಿಯೇ ಸೂತ್ರ ಹಿಡಿದವನ ಕೀರ್ತಿಯನ್ನೂ ಕಲ್ಲಿನಲ್ಲಿ ಕೊರೆಯಿಸಿದ ನಾಡು ಕನ್ನಡನಾಡು.

ಆ ಗೌರವ ಮುಂದಿನ ಗಾರೆಯವನವರೆಗೆ ಹರಿದುಬರಲಿಲ್ಲ. ಅವನ ವಿದ್ಯೆಗೆ ಗ್ರಂಥವಿಲ್ಲ; ಅದು ಉಳಿದಿರುವುದು ಅವನ ಮಾತಿನಲ್ಲಿ. ಉತ್ತರ ಕರ್ನಾಟಕದ ‘ಗೌಂಡಿ’ಯೇ ಮಹಾರಾಷ್ಟ್ರದಲ್ಲಿ ‘ಗವಂಡಿ’; ಕನ್ನಡದ ‘ತೂಗುಗುಂಡು’ ತಮಿಳಿನಲ್ಲಿ ‘ತೂಕ್ಕುಕುಂಡು’. ಮುಂಬಯಿ, ಪುಣೆ, ಚೆನ್ನೈಗಳಲ್ಲಿ ನೆಲೆಸಿ ಎರಡು ಭಾಷೆಗಳ ಬಳಕೆಯುಳ್ಳ ಕನ್ನಡ ವಿದ್ವಾಂಸರಿಗೆ ಈ ಶಬ್ದಗಳನ್ನು ಕೂಡಿಹಾಕುವ ಅನುಕೂಲವಿದೆ. ಗೋಡೆ ಎದ್ದ ಮೇಲೆ ನೂಲು ಉಳಿಯದು. ಅದರ ಹೆಸರುಗಳನ್ನಾದರೂ ಉಳಿಸಿಕೊಳ್ಳುವುದು ಚರಿತ್ರಕಾರನ ಹೊಣೆ.